ಅರ್ಜಿ ಕಳಿಸಿದ ಮೇಲೆ ತಪ್ಪು ಕಂಡರೆ



ಕಳೆದ ಮಳೆಗಾಲದಲ್ಲಿ ಒಂದು ಸಂಜೆ ನಮ್ಮ ವಲಯದ ರೈತರೊಬ್ಬರು ನನ್ನನ್ನು ತಮ್ಮ ರಾಗಿ ಹೊಲದ ಬದುವಿನ ಮೇಲೆ ನಿಲ್ಲಿಸಿಕೊಂಡರು. ಪೈರಿಗೆ ಏನೋ ರೋಗ ಬಿದ್ದಿರಬೇಕೆಂದು ನಾನು ಬಗ್ಗಿ ಎಲೆ ನೋಡತೊಡಗಿದೆ. ಅವರು ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು, "ಪೈರು ಚೆನ್ನಾಗಿದೆ ಸ್ವಾಮಿ, ಇದನ್ನು ನೋಡಿ" ಎಂದರು. ಅದು ಅವರ ಮಗಳ ವಿದ್ಯಾರ್ಥಿವೇತನದ ಅರ್ಜಿಯ ಪ್ರತಿ. ಅರ್ಜಿ ಕಳಿಸಿ ಮೂರು ವಾರವಾಗಿತ್ತು. ಶಾಲೆಯಲ್ಲಿ ವಿಚಾರಿಸಿದರೆ, "ನಮಗೆ ಅಂಥ ಅರ್ಜಿಯೇ ಬಂದಿಲ್ಲ" ಎನ್ನುತ್ತಾರಂತೆ. ಕಾಗದ ಓದಿದೆ. ಶಾಲೆಯ ಹೆಸರೇನೋ ಹೊಸಹಳ್ಳಿಯೇ. ಆದರೆ ತಾಲ್ಲೂಕು ನಮ್ಮದಲ್ಲ!

ನಮ್ಮ ನಾಡಿನಲ್ಲಿ ಹೊಸಹಳ್ಳಿಗಳಿಗೇನು ಬರವೇ? ಪಟ್ಟಣದ ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ತುಂಬಿದ ಹುಡುಗ ಪಟ್ಟಿಯಲ್ಲಿ ಮೊದಲು ಕಂಡ ಹೊಸಹಳ್ಳಿಯನ್ನು ಒತ್ತಿದ್ದ. ಅರ್ಜಿ ಅಲ್ಲಿಗೆ ಹೋಗಿ ಕುಳಿತಿತ್ತು.

"ಇನ್ನೊಂದು ಹೊಸ ಅರ್ಜಿ ಹಾಕಿಸಿಬಿಡಲೇ?" ಎಂದು ಆ ತಂದೆ ಕೇಳಿದರು. ಖಂಡಿತ ಬೇಡವೆಂದೆ. ಏಕೆ ಬೇಡವೆಂದೆ, ಆ ಮೇಲೆ ಏನು ಮಾಡಿದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಪ್ರಸಂಗ ಒಂದೇ ಮನೆಯದಲ್ಲ. ಅರ್ಜಿಯನ್ನು ಕಳಿಸುವವರೆಗೆ ನಮಗೆ ಇರುವ ಎಚ್ಚರ, ಕಳಿಸಿದ ಮೇಲೆ ಇರುವುದಿಲ್ಲ.

ಮೊದಲು ಆ ವಿದ್ಯಾರ್ಥಿವೇತನ ಯಾವುದೆಂದು ಹೇಳಬೇಕು. ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನವೆಂದು ಒಂದುಂಟು. ಶಾಲೆಗಳಲ್ಲಿ ಅದನ್ನು ಎನ್.ಎಂ.ಎಂ.ಎಸ್. ಎಂದು ಕರೆಯುತ್ತಾರೆ. 2008ರಲ್ಲಿ ಕೇಂದ್ರ ಸರ್ಕಾರ ಇದನ್ನು ಆರಂಭಿಸಿತು. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯಲ್ಲಿ 8ನೇ ತರಗತಿ ಓದುವ ಮಕ್ಕಳು ಇದರ ಪರೀಕ್ಷೆಗೆ ಕೂರಬಹುದು. ತಂದೆತಾಯಿಗಳ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿಗಳನ್ನು ಮೀರಿರಬಾರದು. ಆಯ್ಕೆಯಾದ ಮಗುವಿಗೆ 9ನೇ ತರಗತಿಯಿಂದ 12ನೆಯದರವರೆಗೆ, ಅಂದರೆ ನಮ್ಮ ಎರಡನೇ ಪಿ.ಯು.ಸಿ.ವರೆಗೆ, ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ನಾಲ್ಕು ವರ್ಷಕ್ಕೆ 48,000. ಮಳೆ ನಂಬಿದ ಮನೆಯಲ್ಲಿ ಹೆಣ್ಣು ಮಗು ಪಿ.ಯು.ಸಿ. ಮುಗಿಸುವುದೋ ಹತ್ತಕ್ಕೇ ನಿಲ್ಲುವುದೋ ಎಂಬುದು ಎಷ್ಟೋ ಸಲ ಇಷ್ಟು ಹಣದ ಮೇಲೆ ನಿಂತಿರುತ್ತದೆ.

ಪರೀಕ್ಷೆಯಲ್ಲಿ ಗೆದ್ದ ಮಾತ್ರಕ್ಕೆ ಹಣ ತಾನಾಗಿ ಬಾರದು. ಮಗು 9ನೇ ತರಗತಿಗೆ ಬಂದಾಗ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಬೇಕು, ಮತ್ತು ವರ್ಷ ವರ್ಷವೂ ಅದನ್ನು ನವೀಕರಿಸಬೇಕು. 9ನೇ ತರಗತಿಯಲ್ಲಿ ಅರ್ಜಿಯೇ ದಡ ಸೇರದಿದ್ದರೆ ಮುಂದೆ ನವೀಕರಿಸಲು ಏನೂ ಉಳಿಯದು. ಆದುದರಿಂದ ಆ ವರ್ಷದ ಅರ್ಜಿಯಲ್ಲಿ ಬಿದ್ದ ಸಣ್ಣ ತಪ್ಪಿಗೂ ನಾಲ್ಕು ವರ್ಷದ ಬೆಲೆ ಉಂಟು.

ಈಗ ತಿದ್ದುವ ವಿಷಯ. ಹಿಂದೆ ಕಾಗದದ ಅರ್ಜಿ ಇದ್ದಾಗ ತಪ್ಪಿನ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು ರುಜು ಹಾಕಿದರೆ ಮುಗಿಯುತ್ತಿತ್ತು. ಗುಮಾಸ್ತರ ಮೇಜಿನ ಮೇಲಿರುವ ಅರ್ಜಿಯನ್ನಾದರೂ ಕೇಳಿ ತೆಗೆಸಬಹುದಿತ್ತು. ಈಗಿನ ಅರ್ಜಿ ಹಾಗಲ್ಲ. ಕೊನೆಯ ಗುಂಡಿಯನ್ನು ಒತ್ತುವವರೆಗೆ ಎಷ್ಟು ಸಲ ಬೇಕಾದರೂ ತಿದ್ದಬಹುದು. ಒತ್ತಿದ ಮೇಲೆ ಅದು ನಿಮ್ಮ ಕೈಯಿಂದ ಹೋಯಿತು. ಹಾಗೆಂದು ಅದು ಸತ್ತಿಲ್ಲ, ಇನ್ನೊಬ್ಬರ ಕೈಯಲ್ಲಿದೆ. ಯಾರ ಕೈಯಲ್ಲಿದೆಯೋ ಅವರು ಹಿಂದಕ್ಕೆ ಕೊಟ್ಟರೆ ಮಾತ್ರ ನೀವು ತಿದ್ದಬಹುದು. ಇದಿಷ್ಟನ್ನು ತಿಳಿದುಕೊಂಡರೆ ಅರ್ಧ ಅಲೆದಾಟ ಉಳಿಯುತ್ತದೆ.

ಅರ್ಜಿ ಮೊದಲು ಹೋಗುವುದು ಮಗುವಿನ ಶಾಲೆಗೆ. ಶಾಲೆಯ ನೋಡಲ್ ಅಧಿಕಾರಿ, ಅಂದರೆ ಹೆಚ್ಚಾಗಿ ಮುಖ್ಯೋಪಾಧ್ಯಾಯರೋ ಅವರು ನೇಮಿಸಿದ ಶಿಕ್ಷಕರೋ, ಅದನ್ನು ಪರಿಶೀಲಿಸುತ್ತಾರೆ. ಅವರು ಸರಿ ಎಂದರೆ ಮೇಲಿನ ಹಂತಕ್ಕೆ, ಜಿಲ್ಲೆಯ ನೋಡಲ್ ಅಧಿಕಾರಿಗೆ ಹೋಗುತ್ತದೆ. ಈ ಎರಡು ಕೈಗಳಲ್ಲಿ ಅರ್ಜಿ ಈಗ ಯಾವುದರಲ್ಲಿದೆ ಎಂಬುದನ್ನು ಪೋರ್ಟಲ್ಲಿನಲ್ಲಿ ಅರ್ಜಿಯ ಸ್ಥಿತಿ ತೆರೆದರೆ ನೋಡಬಹುದು. ತಪ್ಪು ಕಂಡ ದಿನವೇ ಇದನ್ನು ನೋಡಿಸಿ. ಶಾಲೆಯಲ್ಲಿಯೇ ಇದ್ದರೆ ನಿಮ್ಮ ಅದೃಷ್ಟ. ಜಿಲ್ಲೆಗೆ ಹೋಗಿದ್ದರೆ ಅಲ್ಲಿಂದ ಹಿಂದಿರುಗಿಸಬೇಕು, ಅದಕ್ಕೆ ದಿನಗಳು ಹೆಚ್ಚು ಹಿಡಿಯುತ್ತವೆ.

ಸ್ಥಿತಿಯ ಜಾಗದಲ್ಲಿ ಕಾಣುವ ಎರಡು ಇಂಗ್ಲಿಷ್ ಮಾತುಗಳನ್ನು ನಮ್ಮವರು ಒಂದೇ ಎಂದು ತಿಳಿಯುತ್ತಾರೆ. ಒಂದು ಡಿಫೆಕ್ಟಿವ್, ಇನ್ನೊಂದು ರಿಜೆಕ್ಟೆಡ್. ಡಿಫೆಕ್ಟಿವ್ ಎಂದರೆ ಅರ್ಜಿಯಲ್ಲಿ ದೋಷವಿದೆ, ತಿದ್ದಿ ಮತ್ತೆ ಕಳಿಸಿರಿ ಎಂದು ಅರ್ಥ. ಬಾಗಿಲು ತೆರೆದಿದೆ. ರಿಜೆಕ್ಟೆಡ್ ಎಂದರೆ ತಿರಸ್ಕಾರ. ಡಿಫೆಕ್ಟಿವ್ ಎಂಬುದನ್ನು ಕಂಡು, "ಹೋಯಿತು, ನಮ್ಮ ಹಣೆಯಲ್ಲಿ ಬರೆದಿಲ್ಲ" ಎಂದು ಸುಮ್ಮನೆ ಕುಳಿತ ಮನೆಯನ್ನು ನಾನು ಬಲ್ಲೆ. ಆ ಮಾತು ಕಂಡ ದಿನ ನಿಜವಾಗಿ ಎದ್ದು ಓಡಬೇಕಾದ ದಿನ. ಅದರ ಜೊತೆಗೆ ಅಧಿಕಾರಿ ಬರೆದ ಷರಾ ಇರುತ್ತದೆ. ಏನನ್ನು ತಿದ್ದಬೇಕು ಎಂಬುದು ಆ ಷರಾದಲ್ಲಿಯೇ ಇರುವುದರಿಂದ ಅದನ್ನು ಪೂರ್ತಿ ಓದಿಸಿಕೊಳ್ಳಿ.

ತಪ್ಪು ನಿಮಗೇ ಮೊದಲು ಕಂಡರೆ, ಶಾಲೆಯವರು ಪರಿಶೀಲಿಸುವ ಮುನ್ನ ಹೋಗಿ, "ಇಂಥ ಕಡೆ ತಪ್ಪಾಗಿದೆ, ದೋಷವೆಂದು ಗುರುತಿಸಿ ಹಿಂದಿರುಗಿಸಿ" ಎಂದು ನೀವೇ ಕೇಳಬಹುದು. ನಾಚಿಕೆ ಬೇಡ. ಬರಹದಲ್ಲಿ ಕೊಡಿ: ಅರ್ಜಿಯ ಸಂಖ್ಯೆ, ಮಗುವಿನ ಹೆಸರು, ಈಗ ಏನಿದೆ, ಏನಿರಬೇಕು, ಅದಕ್ಕೆ ಆಧಾರ ಯಾವ ದಾಖಲೆ. ಅರ್ಧ ಹಾಳೆ ಸಾಕು.

ಹೊಸಹಳ್ಳಿಯ ಪ್ರಕರಣದಲ್ಲಿ ತೊಡಕು ಇದ್ದುದು ಇಲ್ಲಿಯೇ. ನಮ್ಮ ಮುಖ್ಯೋಪಾಧ್ಯಾಯರಿಗೆ ಆ ಅರ್ಜಿ ಕಾಣುವಂತೆಯೇ ಇರಲಿಲ್ಲ, ಕಂಡದ್ದು ಆ ಇನ್ನೊಂದು ಹೊಸಹಳ್ಳಿಯ ಶಾಲೆಗೆ. ಅವರು ಇಂಥ ಹೆಸರಿನ ಮಗು ನಮ್ಮಲ್ಲಿಲ್ಲವೆಂದು ಒಂದೇ ಏಟಿಗೆ ತಿರಸ್ಕರಿಸಬಹುದಿತ್ತು. ನಮ್ಮ ಶಾಲೆಯವರು ಆ ಶಾಲೆಗೆ ದೂರವಾಣಿ ಮಾಡಿದರು, ಒಂದು ಪತ್ರವನ್ನೂ ಕಳಿಸಿದರು. ಆ ಶಾಲೆಯವರು ದೋಷವೆಂದು ಗುರುತಿಸಿದ ಎರಡನೆಯ ದಿನ ಅರ್ಜಿ ತೆರೆಯಿತು. ಈ ಸಲ ಹೆಸರು ನೋಡಿ ಒತ್ತಲಿಲ್ಲ. ಶಾಲೆಯ ಯು-ಡೈಸ್ ಸಂಖ್ಯೆ ಹಿಡಿದು ಹುಡುಕಿದೆವು. ಪ್ರತಿಯೊಂದು ಶಾಲೆಗೂ 11 ಅಂಕಿಗಳ ಇಂಥ ಸಂಖ್ಯೆ ಇದೆ, ಕರ್ನಾಟಕದ ಶಾಲೆಗಳದ್ದು 29 ಎಂದು ಆರಂಭವಾಗುತ್ತದೆ. ಊರಿನ ಹೆಸರು ಹತ್ತು ಕಡೆ ಇರಬಹುದು, ಈ ಸಂಖ್ಯೆ ಒಂದೇ ಕಡೆ.

ಆ ತಂದೆ ಕೇಳಿದಂತೆ ಎರಡನೆಯ ಅರ್ಜಿ ಹಾಕಿದ್ದರೆ ಏನಾಗುತ್ತಿತ್ತು? ಒಂದೇ ಮಗುವಿನ ಹೆಸರಿನಲ್ಲಿ ಎರಡು ಅರ್ಜಿ ಕಂಡಾಗ ಎರಡಕ್ಕೂ ಸಂಶಯ ಅಂಟುತ್ತದೆ, ನಕಲಿ ಎಂದು ತಳ್ಳಿಹಾಕುವ ಸಂಭವವಿರುತ್ತದೆ. ಈಗಂತೂ 2024-25ನೇ ಸಾಲಿನಿಂದ ಪ್ರತಿ ವಿದ್ಯಾರ್ಥಿಗೂ ಒಂದೇ ಸಲದ ನೋಂದಣಿ ಎಂದು 14 ಅಂಕಿಗಳ ಸಂಖ್ಯೆ ಕೊಡುತ್ತಾರೆ. ಅದು ಓದು ಮುಗಿಯುವವರೆಗೂ ಅದೇ. ಅದನ್ನು ಪಾಸ್‌ಬುಕ್ಕಿನ ಹಿಂದೆಯೋ ಪಡಿತರ ಚೀಟಿಯ ಜೊತೆಗೋ ಬರೆದಿಟ್ಟುಕೊಳ್ಳಿ. ಕಳೆದುಕೊಂಡೆವೆಂದು ಮತ್ತೊಂದು ಮಾಡಿಸಲು ಹೋಗಬೇಡಿ.

ಶಾಲೆ ತಪ್ಪುವುದು ಅಪರೂಪ. ಹೆಸರು ತಪ್ಪುವುದು ದಿನನಿತ್ಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ನಮ್ಮ ಹುಡುಗನ ಹೆಸರು ಮಂಜುನಾಥ ಎಂದಿಟ್ಟುಕೊಳ್ಳಿ. ಕನ್ನಡದಲ್ಲಿ ಅದಕ್ಕೆ ಒಂದೇ ರೂಪ. ಇಂಗ್ಲಿಷಿನಲ್ಲಿ ಒಬ್ಬರು ಕೊನೆಗೆ ಒಂದು 'ಎ' ಸೇರಿಸುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಲಕ್ಷ್ಮಿಗೆ ಕೆಲವರು 'ಕೆಎಸ್‌ಎಚ್' ಬರೆದರೆ ಕೆಲವರು 'ಎಕ್ಸ್' ಬರೆಯುತ್ತಾರೆ. ಸಾಲದ್ದಕ್ಕೆ ಹಳೇ ಮೈಸೂರಿನ ಕಡೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಹಿಂದೆಯೋ ಮುಂದೆಯೋ ಇಡುವ ರೂಢಿ. ಉತ್ತರದ ಜಿಲ್ಲೆಗಳಲ್ಲಿ ಮನೆತನದ ಹೆಸರನ್ನು ಪೂರ್ತಿ ಬರೆಯುವ ರೂಢಿ. ಶಾಲೆಯ ದಾಖಲಾತಿಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಒಂದು ಬಗೆ, ಬ್ಯಾಂಕಿನಲ್ಲಿ ಮತ್ತೊಂದು ಬಗೆ. ಮೂವರು ಗುಮಾಸ್ತರು ಮೂರು ಮಕ್ಕಳನ್ನು ಹುಟ್ಟಿಸಿದ್ದಾರೆ. ಮನೆಯಲ್ಲಿರುವುದು ಒಂದೇ ಮಗು. ಕಣ್ಣಿಗೆ ಇದು ಒಬ್ಬನೇ ಎಂದು ತಿಳಿಯುತ್ತದೆ, ಯಂತ್ರಕ್ಕೆ ತಿಳಿಯುವುದಿಲ್ಲ.

ಇಂಥ ಕಡೆ ನಮ್ಮವರು ಮಾಡುವ ತಪ್ಪೇನೆಂದರೆ ಅರ್ಜಿಯನ್ನು ಮಾತ್ರ ತಿದ್ದಲು ಓಡಾಡುವುದು. ಪಹಣಿಯ 9ನೇ ಕಾಲಮ್ಮಿನಲ್ಲಿ ಹೆಸರು ತಪ್ಪಾಗಿದ್ದರೆ ಬ್ಯಾಂಕಿನಲ್ಲಿ ಬೆಳೆಸಾಲದ ಅರ್ಜಿಯನ್ನು ಎಷ್ಟು ಸಲ ತಿದ್ದಿದರೇನು? ಮೊದಲು ಪಹಣಿ ಸರಿಯಾಗಬೇಕು. ಇದೂ ಹಾಗೆಯೇ. ಅರ್ಜಿಯಲ್ಲಿ ಕಾಣುವ ತಪ್ಪು ಹೆಚ್ಚಿನ ಪಾಲು ಬೇರೆ ದಾಖಲೆಯಿಂದ ಬಂದದ್ದು. ಬೇರು ಇರುವ ದಾಖಲೆಯನ್ನು ಮೊದಲು ಸರಿಪಡಿಸಿ, ಅದರ ಪ್ರತಿ ಕೈಗೆ ಬಂದ ಮೇಲೆ ಅರ್ಜಿಯನ್ನು ಹಿಂದಕ್ಕೆ ಕೇಳಿ. ತಿರುಗುಮುರುಗು ಮಾಡಿದರೆ ತಿದ್ದುವ ಅವಧಿಯೆಲ್ಲ ಕಾಯುವುದರಲ್ಲಿಯೇ ಕಳೆಯುತ್ತದೆ.

ಯಾವ ದಾಖಲೆಯನ್ನು ಯಾವುದಕ್ಕೆ ಹೊಂದಿಸಬೇಕು? ನನ್ನ ಅಭಿಪ್ರಾಯದಲ್ಲಿ, ಮಗು ಇನ್ನೂ ಹತ್ತನೇ ತರಗತಿಯ ಪರೀಕ್ಷೆಗೆ ಹೆಸರು ಕೊಟ್ಟಿಲ್ಲವಾದರೆ ಮೊದಲು ಶಾಲೆಯ ದಾಖಲಾತಿ ಪುಸ್ತಕವನ್ನು ನೋಡಿ. ಜನನ ಪತ್ರಕ್ಕೂ ಅದಕ್ಕೂ ಹೊಂದಿದ್ದರೆ ಅದನ್ನೇ ಗಟ್ಟಿ ಮಾಡಿಕೊಂಡು, ಆಧಾರನ್ನು ಅದಕ್ಕೆ ಸರಿಯಾಗಿ ತಿದ್ದಿಸಿ. ನಾಳೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಬರುವುದು ಶಾಲೆಯ ದಾಖಲೆಯ ಹೆಸರು. ಅದು ಜೀವಮಾನವಿಡೀ ಕೇಳುವ ಕಾಗದ. ಶಾಲೆಯ ದಾಖಲೆಯೇ ತಪ್ಪಾಗಿದ್ದರೆ ಹತ್ತರ ಪರೀಕ್ಷೆಯ ನೋಂದಣಿಗೆ ಮುಂಚೆಯೇ ಮುಖ್ಯೋಪಾಧ್ಯಾಯರಿಗೆ ಬರೆದು ಕೊಡಿ. ಆ ಮೇಲೆ ತಿದ್ದುವುದು ಬಹಳ ಪ್ರಯಾಸದ ಕೆಲಸ.

ಆಧಾರ್ ತಿದ್ದಿಸುವಾಗ ಒಂದು ಎಚ್ಚರ. ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ಬದಲಾಯಿಸಬಹುದು, ಹುಟ್ಟಿದ ದಿನಾಂಕವನ್ನು ಒಂದೇ ಸಲ. ಆದಕಾರಣ ಕೇಂದ್ರದಲ್ಲಿ ಪರದೆಯ ಮೇಲೆ ಅಕ್ಷರ ಮೂಡಿದಾಗ ಮಗುವಿನ ಕೈಯಲ್ಲಿಯೇ ಓದಿಸಿ. 1947 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಆಧಾರ್ ವಿಷಯದ ಸಂದೇಹಗಳಿಗೆ ಉತ್ತರ ಹೇಳುತ್ತಾರೆ. ಸ್ವಾತಂತ್ರ್ಯ ಬಂದ ವರ್ಷ, ಮರೆಯುವ ಭಯವಿಲ್ಲ. ಮಕ್ಕಳಿಗೆ ಐದು ತುಂಬಿದಾಗ ಒಮ್ಮೆ, ಹದಿನೈದು ತುಂಬಿದಾಗ ಒಮ್ಮೆ ಬೆರಳಚ್ಚು ಮತ್ತು ಭಾವಚಿತ್ರವನ್ನು ಹೊಸದಾಗಿ ಕೊಡಬೇಕು. ಎರಡನೆಯದು ಸರಿಯಾಗಿ ಈ ವಿದ್ಯಾರ್ಥಿವೇತನದ ವಯಸ್ಸಿಗೇ ಬರುತ್ತದೆ.

ಹಣ ಬರುವ ಖಾತೆಯ ವಿಷಯದಲ್ಲಿಯೂ ಒಂದು ಭ್ರಮೆ ಇದೆ. "ಬ್ಯಾಂಕಿಗೆ ಆಧಾರ್ ಕೊಟ್ಟಿದ್ದೇವಲ್ಲ" ಎನ್ನುತ್ತಾರೆ. ಖಾತೆಗೆ ಆಧಾರ್ ಪ್ರತಿ ಕೊಡುವುದು ಬೇರೆ, ಸರ್ಕಾರದ ಹಣ ಬರಲು ಆ ಖಾತೆಯನ್ನು ಜೋಡಿಸುವುದು ಬೇರೆ. ಎರಡನೆಯದಕ್ಕೆ ಬ್ಯಾಂಕಿನಲ್ಲಿ ಬೇರೆ ಒಪ್ಪಿಗೆ ಪತ್ರ ಬರೆದು ಕೊಡಬೇಕು. ಮಗುವಿಗೆ ಎರಡು ಬ್ಯಾಂಕಿನಲ್ಲಿ ಖಾತೆ ಇದ್ದರೆ, ಕೊನೆಯದಾಗಿ ಯಾವುದನ್ನು ಜೋಡಿಸಿದ್ದೀರೋ ಅದಕ್ಕೆ ಹಣ ಹೋಗುತ್ತದೆ. ಹಣ ಬರಲಿಲ್ಲವೆಂದು ದೂರುತ್ತಿದ್ದ ಒಬ್ಬರ ಹಣ ಹಳೆಯ ಅಂಚೆ ಖಾತೆಯಲ್ಲಿ ಸುಖವಾಗಿ ಮಲಗಿತ್ತು.

ಇಲ್ಲಿಯವರೆಗೆ ಕೇಂದ್ರದ ಅರ್ಜಿಯನ್ನು ಕುರಿತು ಹೇಳಿದೆ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನಗಳಿಗೆ ಬೇರೆ ಪೋರ್ಟಲ್ ಇದೆ, ಎಸ್.ಎಸ್.ಪಿ. ಎನ್ನುತ್ತಾರೆ. ಅಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆಯನ್ನು ಕೊಟ್ಟರೆ ನಾಡಕಚೇರಿಯ ದಾಖಲೆಯಿಂದ ಮಜಕೂರು ತಾನೇ ಬಂದು ಕೂರುತ್ತದೆ. ಆದ್ದರಿಂದ ಅಲ್ಲಿ ಜಾತಿಯೋ ಆದಾಯವೋ ತಪ್ಪಾಗಿ ಕಂಡರೆ ಅರ್ಜಿ ತುಂಬಿದವನನ್ನು ಬೈದು ಪ್ರಯೋಜನವಿಲ್ಲ, ನಾಡಕಚೇರಿಗೆ ಹೋಗಿ ಪ್ರಮಾಣಪತ್ರವನ್ನು ಸರಿಪಡಿಸಿಕೊಳ್ಳಬೇಕು. ಹೊಸ ಪತ್ರ ಬಂದರೆ ಅದಕ್ಕೆ ಹೊಸ ಆರ್.ಡಿ. ಸಂಖ್ಯೆ ಬರುತ್ತದೆ, ಅರ್ಜಿಯಲ್ಲಿ ಹಳೆಯದನ್ನೇ ಬಿಟ್ಟರೆ ಹಳೆಯ ತಪ್ಪೇ ಉಳಿಯುತ್ತದೆ. ಆದಾಯ ಪತ್ರಕ್ಕೆ ಐದು ವರ್ಷದ ಆಯುಸ್ಸು. ಮೇಲೆ ದಿನಾಂಕ ನೋಡಿಕೊಳ್ಳಿ. ನಾಡಕಚೇರಿಯಲ್ಲಿ ಸಕಾಲದ ಸ್ವೀಕೃತಿ ಚೀಟಿಯನ್ನು ಕೇಳಿ ಪಡೆಯಿರಿ. 2011ರ ಸಕಾಲ ಕಾಯ್ದೆಯ ಮೇರೆಗೆ ಇಂಥ ದಿನದೊಳಗೆ ಕೊಡಬೇಕೆಂಬ ಗಡುವು ಅವರ ಮೇಲಿದೆ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ತಿದ್ದುವ ಅವಕಾಶ ಸಿಕ್ಕಿತೆಂದು ಆದಾಯವನ್ನು ಇಳಿಸಿ ಬರೆಸಲು ಕೆಲವರು ಯೋಚಿಸುತ್ತಾರೆ. ಪ್ರಮಾಣಪತ್ರದಲ್ಲಿ ಇರುವುದನ್ನು ಬಿಟ್ಟು ಬೇರೆ ಬರೆದರೆ ಅದು ತಿದ್ದುಪಡಿಯಲ್ಲ, ಸುಳ್ಳು. ಸಿಕ್ಕಿಬಿದ್ದ ದಿನ ಮಗುವಿನ ಅರ್ಜಿ ಮಾತ್ರವಲ್ಲ, ಮಗುವಿನ ಹೆಸರೂ ಕೆಡುತ್ತದೆ.

ದೂರವಾಣಿ ಸಂಖ್ಯೆಯನ್ನು ಕುರಿತು ಹೇಳದಿದ್ದರೆ ಈ ಲೇಖನ ಅಪೂರ್ಣ. ಅರ್ಜಿಯಲ್ಲಿ ಎಷ್ಟೋ ಸಲ ಕಂಪ್ಯೂಟರ್ ಅಂಗಡಿಯವನ ಸಂಖ್ಯೆ ಇರುತ್ತದೆ! ಗುಪ್ತಸಂಖ್ಯೆಯೂ ದೋಷದ ಸಂದೇಶವೂ ಅವನ ಜೇಬಿಗೆ ಹೋಗುತ್ತವೆ. ದಿನಕ್ಕೆ ಹತ್ತಾರು ಅರ್ಜಿ ತುಂಬುವ ಅವನಿಗೆ ನಿಮ್ಮ ಮಗಳ ನೆನಪು ಎಲ್ಲಿಂದ ಬರಬೇಕು? ಮನೆಯಲ್ಲಿ ಖಾಯಂ ಉಳಿಯುವ ಸಂಖ್ಯೆ, ಸಾಧ್ಯವಾದರೆ ತಾಯಿಯದು, ಅರ್ಜಿಯಲ್ಲಿರಲಿ. ಅಗ್ಗದ ಕರೆಯ ಆಸೆಗೆ ಸಿಮ್ ಬದಲಿಸುವ ಗಂಡಸರ ಸಂಖ್ಯೆಯನ್ನು ನಾನು ನಂಬುವುದಿಲ್ಲ.

ಕೊನೆಯದಾಗಿ ಗಡುವು. ಕೇಂದ್ರದ ಪೋರ್ಟಲ್ಲಿನಲ್ಲಿ ಪ್ರತಿ ವಿದ್ಯಾರ್ಥಿವೇತನದ ಎದುರಿಗೆ ಒಂದಲ್ಲ, ಹಲವು ದಿನಾಂಕಗಳಿರುತ್ತವೆ: ಅರ್ಜಿ ಹಾಕಲು ಒಂದು, ದೋಷದ ಅರ್ಜಿಗಳಿಗೆ ಒಂದು, ಶಾಲೆಯ ಪರಿಶೀಲನೆಗೆ ಒಂದು, ಮೇಲಿನ ಹಂತಕ್ಕೆ ಒಂದು. ನಾವು ಮೊದಲನೆಯದನ್ನು ಮಾತ್ರ ನೆನಪಿಡುತ್ತೇವೆ. ಕಳಿಸಿದ ಅರ್ಜಿಯನ್ನು ಉಳಿಸುವುದು ಎರಡನೆಯ ದಿನಾಂಕ. ಭತ್ತ ನಾಟಿ ಮಾಡಿದ ಮೇಲೆ ಪೈರು ಸತ್ತ ಕಡೆ ಹತ್ತು ದಿನದೊಳಗೆ ಹೊಸ ಪೈರು ಕೂರಿಸುತ್ತೇವೆ. ತಿಂಗಳು ಕಳೆದು ಕೂರಿಸಿದರೆ ಅದು ಜೊತೆಗೆ ತೆನೆ ಬಿಡದು. ತೊಂದರೆಯೆಂದರೆ ಇತ್ತೀಚಿನ ವರ್ಷಗಳಲ್ಲಿ ಪೋರ್ಟಲ್ ತೆರೆಯುವುದು ಜೂನ್ ತಿಂಗಳ ಸುಮಾರಿಗೆ, ನಮಗೆ ಬಿತ್ತನೆ, ಕುಂಟೆ, ಕಳೆ ಎಂದು ತಲೆ ಎತ್ತಲು ಬಿಡುವಿಲ್ಲದ ಕಾಲ. ಗಡುವನ್ನು ಕೆಲವೊಮ್ಮೆ ವಿಸ್ತರಿಸುತ್ತಾರೆ, ನಿಜ. ವಿಸ್ತರಿಸುತ್ತಾರೆಂದು ನಂಬಿ ಕೂರುವುದು ಹಿಂಗಾರು ಮಳೆಯನ್ನು ನಂಬಿ ಕೂತಂತೆ. ಗೋಡೆಯ ಪಂಚಾಂಗದಲ್ಲಿ ಎರಡೂ ದಿನಾಂಕಗಳಿಗೆ ಸುತ್ತು ಹಾಕಿ, ವಾರಕ್ಕೊಮ್ಮೆ ಮಗುವಿನಿಂದಲೇ ಅರ್ಜಿಯ ಸ್ಥಿತಿಯನ್ನು ನೋಡಿಸಿ.

ತಿದ್ದಿದ ಮೇಲೆ ಮತ್ತೆ ಕೊನೆಯ ಗುಂಡಿಯನ್ನು ಒತ್ತಲು ಮರೆಯುವವರೂ ಇದ್ದಾರೆ. ತಿದ್ದಿ ಉಳಿಸಿದರೆ ಸಾಲದು, ಕಳಿಸಬೇಕು. ಕಳಿಸಿ ಹೊಸ ಪ್ರತಿ ತೆಗೆದುಕೊಂಡು ಮುಖ್ಯೋಪಾಧ್ಯಾಯರಿಗೆ ತೋರಿಸಿ, ಅವರು ಪರಿಶೀಲಿಸಿ ಮೇಲಕ್ಕೆ ಕಳಿಸಿದರೆಂದು ಕೇಳಿ ತಿಳಿದುಕೊಳ್ಳಿ. ನಡುವೆ ಮುಖ್ಯೋಪಾಧ್ಯಾಯರು ವರ್ಗವಾದರೆ ಹೊಸಬರ ಹೆಸರಿಗೆ ನೋಡಲ್ ಕೆಲಸ ಬದಲಾಗಿದೆಯೇ ಎಂಬುದನ್ನೂ ವಿಚಾರಿಸಿ. ಹೊಸಹಳ್ಳಿಯ ಆ ಹುಡುಗಿಯ ಅರ್ಜಿ ದೋಷದ ಗಡುವಿಗೆ ನಾಲ್ಕು ದಿನ ಮುಂಚೆ ನಮ್ಮ ಶಾಲೆಗೆ ಬಂದು ಸೇರಿತು. ಈಗ ಅವಳು ಹತ್ತರಲ್ಲಿದ್ದಾಳೆ. ಈ ವರ್ಷ ನವೀಕರಣದ ಅರ್ಜಿಯನ್ನು ಶಾಲೆಯ ಕಂಪ್ಯೂಟರಿನಲ್ಲಿ ತಾನೇ ತುಂಬಿದಳು. ತಂದೆ ಪಕ್ಕದಲ್ಲಿ ನಿಂತು ಯು-ಡೈಸ್ ಸಂಖ್ಯೆಯ ಹನ್ನೊಂದು ಅಂಕಿಗಳನ್ನು ಬೆರಳಿಟ್ಟು ಎಣಿಸುತ್ತಿದ್ದರು.

ನಿಮ್ಮ ಮನೆಯಲ್ಲಿ ಇಂಥ ಅರ್ಜಿ ಸಿಕ್ಕಿಬಿದ್ದಿದ್ದರೆ, ನಾನು ನಿಮ್ಮೂರಿಗೆ ಬರುವ ದಿನ ಪಂಚಾಯತಿ ಕಚೇರಿಯಲ್ಲಿ ಕಾಣಿರಿ. ಅರ್ಜಿಯ ಪ್ರತಿ, ಮಗುವಿನ ಆಧಾರ್, ಬ್ಯಾಂಕ್ ಪಾಸ್‌ಬುಕ್, ಆದಾಯ ಪತ್ರ ಮತ್ತು ಅರ್ಜಿಯಲ್ಲಿ ಕೊಟ್ಟ ಸಂಖ್ಯೆಯ ದೂರವಾಣಿಯನ್ನು ತನ್ನಿ. ಮಗುವನ್ನೂ ಕರೆತನ್ನಿ.